ಕಾಣದ ಕಪ್ಪುಕುಳಿಯ ಮೇಲ್ಮೈ ಅಳೆದದ್ದು ಹೇಗೆ?

2025ರ ಸೆಪ್ಟೆಂಬರ್‌ನಲ್ಲಿ ಒಂದು ಸುದ್ದಿ ಬಂತು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು (ಬ್ಲ್ಯಾಕ್ ಹೋಲ್) ಒಂದನ್ನೊಂದು ಸುತ್ತುತ್ತಾ ಹತ್ತಿರ ಬಂದು ಸೇರಿಕೊಂಡವು. ಸೇರುವ ಮೊದಲು ಎರಡರ ಒಟ್ಟು ಮೇಲ್ಮೈ ಸುಮಾರು 2.4 ಲಕ್ಷ ಚದರ ಕಿಲೋಮೀಟರ್. ಸೇರಿದ ಮೇಲೆ ಸುಮಾರು 4 ಲಕ್ಷ. ನಮ್ಮ ಕರ್ನಾಟಕದ ವಿಸ್ತೀರ್ಣ 1.92 ಲಕ್ಷ ಚದರ ಕಿಲೋಮೀಟರ್. ಅಂದರೆ ಒಂದೂಕಾಲು ಕರ್ನಾಟಕದಷ್ಟು ಇದ್ದದ್ದು ಎರಡು ಕರ್ನಾಟಕಕ್ಕಿಂತ ಒಂಚೂರು ಜಾಸ್ತಿ ಆಯಿತು.

ಮೈಸೂರಿನ ನಮ್ಮ ಬೀದಿಯಲ್ಲಿ ಪಿಯುಸಿ ಓದುವ ಹುಡುಗಿ ಇದನ್ನು ಓದಿ ಕೇಳಿದಳು: “ಅಂಕಲ್, ಅದರಿಂದ ಬೆಳಕೇ ಆಚೆ ಬರಲ್ಲ ಅಂತಾರೆ. ಕಾಣದೇ ಇರೋದನ್ನ ಅಳೆದದ್ದು ಹೇಗೆ?” ಸರಿಯಾದ ಜಾಗಕ್ಕೇ ಕೈ ಹಾಕಿದ ಪ್ರಶ್ನೆ. ಅದರ ಉತ್ತರಕ್ಕೆ ಬೇಕಾದ ಒಂದು ಮುಖ್ಯ ಲೆಕ್ಕವನ್ನು 1970ರಲ್ಲಿ ಮಾಡಿದ್ದು ಮೈಸೂರು ವಿಶ್ವವಿದ್ಯಾಲಯದ ಪದವೀಧರರೊಬ್ಬರು. ಅವರ ಹತ್ತಿರ ಹೋಗುವ ಮೊದಲು ಕಪ್ಪುಕುಳಿ ಹುಟ್ಟುವುದು ಹೇಗೆ ಅಂತ ನೋಡಬೇಕು.

ನಕ್ಷತ್ರ ಇಷ್ಟು ದಿನ ಯಾಕೆ ಕುಸಿಯಲಿಲ್ಲ?

ನಕ್ಷತ್ರ ಅಂದರೆ ಅನಿಲದ ದೊಡ್ಡ ಉಂಡೆ. ಅದರ ಪ್ರತಿಯೊಂದು ಪದರವನ್ನೂ ಅದರದೇ ಗುರುತ್ವ ಒಳಕ್ಕೆ ಎಳೆಯುತ್ತಿರುತ್ತದೆ. ಹಾಗಾಗಿ ಅದು ಯಾಕೆ ಕುಸಿಯುತ್ತದೆ ಅಂತ ಕೇಳುವುದಕ್ಕಿಂತ, ಕೋಟಿಗಟ್ಟಲೆ ವರ್ಷ ಯಾಕೆ ಕುಸಿಯಲಿಲ್ಲ ಅಂತ ಕೇಳಬೇಕು.

ತಡೆದು ನಿಲ್ಲಿಸುವುದು ಒಳಗಿನ ಬಿಸಿ. ನಡುವಿನಲ್ಲಿ ಹೈಡ್ರೋಜನ್ ಪರಮಾಣುಗಳ ಬೀಜಗಳು (ನ್ಯೂಕ್ಲಿಯಸ್) ಬೆಸೆದು ಹೀಲಿಯಂ ಆಗುತ್ತವೆ, ಶಕ್ತಿ ಹೊರಬೀಳುತ್ತದೆ, ಬಿಸಿಯಾದ ಅನಿಲ ಹೊರಕ್ಕೆ ಒತ್ತುತ್ತದೆ. ಗುರುತ್ವದ ಕೈ ಸ್ವಲ್ಪ ಮೇಲಾಯಿತು ಅನ್ನಿ. ನಕ್ಷತ್ರ ಕುಗ್ಗುತ್ತದೆ, ಒಳಗೆ ಬಿಸಿ ಏರುತ್ತದೆ, ಬೆಸೆಯುವ ವೇಗ ಜಾಸ್ತಿಯಾಗುತ್ತದೆ, ನಕ್ಷತ್ರ ಮತ್ತೆ ಹಿಗ್ಗುತ್ತದೆ. ಯಾರೂ ಕೈಯಾಡಿಸದೆ ಈ ಸಮತೋಲ ನಡೆದುಕೊಂಡು ಹೋಗುತ್ತದೆ, ಉರಿಯಲು ಏನಾದರೂ ಉಳಿದಿರುವವರೆಗೆ.

ದೊಡ್ಡ ನಕ್ಷತ್ರಕ್ಕೆ ಉರಿಯಲು ಜಾಸ್ತಿ ಇರುತ್ತದೆ ನಿಜ. ಆದರೆ ಅದರ ಖರ್ಚು ಅದಕ್ಕಿಂತಲೂ ಜಾಸ್ತಿ. ಸೂರ್ಯ ಹೈಡ್ರೋಜನ್ ಉರಿಸಿಕೊಂಡು ಸುಮಾರು 1,000 ಕೋಟಿ ವರ್ಷ ಬಾಳುತ್ತಾನೆ. ಸೂರ್ಯನ 25 ಪಟ್ಟು ರಾಶಿಯ (ಅಂದರೆ ದ್ರವ್ಯರಾಶಿಯ) ನಕ್ಷತ್ರ ಅದೇ ಕೆಲಸವನ್ನು ಹೆಚ್ಚುಕಡಿಮೆ 70 ಲಕ್ಷ ವರ್ಷಗಳಲ್ಲಿ ಮುಗಿಸಿಬಿಡುತ್ತದೆ.

ಇಂಥ ಮುಪ್ಪಿನ ನಕ್ಷತ್ರವೊಂದರ ಹೆಸರು ಮಂಡ್ಯದ ರೈತರ ಬಾಯಲ್ಲಿ ಪ್ರತಿ ಜೂನ್‌ನಲ್ಲೂ ಬರುತ್ತದೆ. “ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ” ಅನ್ನುತ್ತಾರಲ್ಲ, ಆ ಆರಿದ್ರಾ. ಮಳೆಯ ಲೆಕ್ಕದಲ್ಲಿ ಬರುವ ಈ ಆರಿದ್ರಾವನ್ನು ಖಗೋಳದವರು ಬೀಟೆಲ್‌ಗ್ಯೂಸ್ ಅನ್ನುತ್ತಾರೆ. ಜನವರಿಯಲ್ಲಿ ಕತ್ತಲಾದ ಮೇಲೆ, ಬೀದಿದೀಪ ಇಲ್ಲದ ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತು ಪೂರ್ವಕ್ಕೆ ನೋಡಿ. ಸಾಲಾಗಿ ನಿಂತ ಮೂರು ನಕ್ಷತ್ರ ಸಿಗುತ್ತವೆ. ಅವುಗಳ ಎಡಕ್ಕೆ ಕೆಂಡದ ಬಣ್ಣದಲ್ಲಿ ಕಾಣುವುದೇ ಆರಿದ್ರಾ. ಅದನ್ನು ತಂದು ಸೂರ್ಯನ ಜಾಗದಲ್ಲಿಟ್ಟರೆ ಬುಧ, ಶುಕ್ರ, ಭೂಮಿ, ಮಂಗಳ ಎಲ್ಲವೂ ಅದರ ಹೊಟ್ಟೆಯೊಳಗೆ. 2019ರ ಕೊನೆಯಲ್ಲಿ ಅದು ಮಂಕಾದಾಗ ಇನ್ನೇನು ಸಿಡಿಯುತ್ತದೆ ಅಂತ ಗುಲ್ಲೆದ್ದಿತ್ತು. ಕಡೆಗೆ ನೋಡಿದರೆ ಅದು ತಾನೇ ಕಾರಿಕೊಂಡ ದೂಳು ಅಡ್ಡ ಬಂದಿತ್ತು, ಅಷ್ಟೇ. ಸಿಡಿಯುವುದಂತೂ ಖಂಡಿತ. ಅದಕ್ಕೆ ವಿಜ್ಞಾನಿಗಳು ಕೊಡುವ ಗಡುವು ಮಾತ್ರ ಒಂದು ಲಕ್ಷ ವರ್ಷದ್ದು.

ಕಬ್ಬಿಣ ಬಂದ ಮೇಲೆ ಒಂದೇ ಸೆಕೆಂಡು

ಹೈಡ್ರೋಜನ್ ಮುಗಿದ ಮೇಲೆ ಹೀಲಿಯಂ ಉರಿಯುತ್ತದೆ. ಆಮೇಲೆ ಕಾರ್ಬನ್, ನಿಯಾನ್, ಆಕ್ಸಿಜನ್, ಸಿಲಿಕಾನ್. ಒಂದೊಂದು ಮೆಟ್ಟಿಲಿಗೂ ಆತುರ ಹೆಚ್ಚುತ್ತಾ ಹೋಗುತ್ತದೆ. ಅದೇ 25 ಪಟ್ಟು ರಾಶಿಯ ನಕ್ಷತ್ರದಲ್ಲಿ ಕಾರ್ಬನ್ ಸುಮಾರು 600 ವರ್ಷ ಬಂದರೆ, ಆಕ್ಸಿಜನ್ ಸುಮಾರು ಆರು ತಿಂಗಳು. ಸಿಲಿಕಾನ್ ಒಂದು ದಿನದಲ್ಲಿ ಖಾಲಿ.

ಸಿಲಿಕಾನ್ ಉರಿದು ಉಳಿಯುವುದು ಕಬ್ಬಿಣ. ಇಲ್ಲಿಗೆ ಆಟ ಮುಗಿಯಿತು. ಕಬ್ಬಿಣದ ಬೀಜಗಳನ್ನು ಬೆಸೆದರೆ ಶಕ್ತಿ ಸಿಗುವುದಿಲ್ಲ, ತಿರುಗಿ ನಾವೇ ಶಕ್ತಿ ಕೊಡಬೇಕು. ಕೆಲವು ಸಾವಿರ ಕಿಲೋಮೀಟರ್ ಅಗಲದ ಕಬ್ಬಿಣದ ತಿರುಳು ಬೆಳೆಯುತ್ತಾ ಹೋಗಿ, ಸೂರ್ಯನ ರಾಶಿಯ ಸುಮಾರು 1.4 ಪಟ್ಟು ಮುಟ್ಟಿದಾಗ ತಡೆಯಲಾರದೆ ಕುಸಿಯುತ್ತದೆ. ಒಂದು ಸೆಕೆಂಡು ಕೂಡ ಬೇಡ. ಬೆಳಕಿನ ವೇಗದ ಕಾಲು ಭಾಗದಷ್ಟು ವೇಗದಲ್ಲಿ ಒಳಕ್ಕೆ ಬೀಳುತ್ತದೆ. ಹೊರಪದರಗಳು ಸಿಡಿದರೆ ಅದೇ ಸೂಪರ್‌ನೋವಾ.

ಸೂಪರ್‌ನೋವಾದ ಬೆಳಕು ಕಣ್ಣು ಕುಕ್ಕುತ್ತದೆ. ಆದರೆ ಶಕ್ತಿಯಲ್ಲಿ ಸುಮಾರು ಶೇಕಡಾ 99 ಭಾಗ ಹೋಗುವುದು ನ್ಯೂಟ್ರಿನೊ ಅನ್ನುವ ಕಣಗಳ ರೂಪದಲ್ಲಿ. ಯಾವುದಕ್ಕೂ ತಗಲದಂತೆ ಭೂಮಿಯನ್ನೇ ತೂರಿಕೊಂಡು ಹೋಗುವ ಕಣಗಳು ಇವು. 1987ರ ಫೆಬ್ರವರಿಯಲ್ಲಿ ಪಕ್ಕದ ಸಣ್ಣ ಗ್ಯಾಲಕ್ಸಿಯೊಂದರಲ್ಲಿ ನಕ್ಷತ್ರ ಸಿಡಿದಾಗ, ಬೆಳಕು ಕಾಣುವುದಕ್ಕೆ ಕೆಲವು ಗಂಟೆ ಮೊದಲೇ ಜಪಾನ್, ಅಮೆರಿಕ, ರಷ್ಯಾದ ನೆಲದಡಿಯ ಯಂತ್ರಗಳಲ್ಲಿ ಒಟ್ಟು ಸುಮಾರು 25 ನ್ಯೂಟ್ರಿನೊ ಸಿಕ್ಕಿಬಿದ್ದವು. ತಿರುಳು ಕುಸಿಯುತ್ತದೆ ಅನ್ನುವುದಕ್ಕೆ ಅದೇ ನೇರ ಸಾಕ್ಷಿ. ಮಾತು ಬಂತು ಅಂತ ಹೇಳುತ್ತೇನೆ. ಬಾಹ್ಯಾಕಾಶದ ಕಿರಣಗಳು ನಮ್ಮ ವಾತಾವರಣಕ್ಕೆ ಬಡಿದಾಗಲೂ ನ್ಯೂಟ್ರಿನೊ ಹುಟ್ಟುತ್ತದೆ. ಅದನ್ನು ಮೊದಲು ಹಿಡಿದ ಜಾಗಗಳಲ್ಲಿ ಕೋಲಾರದ ಚಿನ್ನದ ಗಣಿಯೂ ಒಂದು, 1965ರಲ್ಲಿ. ಆ ಗಣಿಗೆ ಕರೆಂಟು ಕೊಡಲೆಂದೇ 1902ರಲ್ಲಿ ಮಂಡ್ಯ ಸೀಮೆಯ ಶಿವನಸಮುದ್ರದಲ್ಲಿ ವಿದ್ಯುತ್ ಕೇಂದ್ರ ಶುರುವಾಗಿತ್ತು.

ಬೀಳುವುದನ್ನು ತಡೆಯುವ ಕ್ವಾಂಟಂ ನಿಯಮ

ಉರಿ ಆರಿದ ಮೇಲೂ ಎಲ್ಲ ನಕ್ಷತ್ರಗಳೂ ಕಪ್ಪುಕುಳಿ ಆಗುವುದಿಲ್ಲ. ಅದನ್ನು ತಡೆಯುವುದು ಕ್ವಾಂಟಂ ಲೋಕದ ಒಂದು ನಿಯಮ. ಕ್ವಾಂಟಂ ಅಂದರೆ ಪರಮಾಣು ಮತ್ತು ಅದಕ್ಕಿಂತ ಚಿಕ್ಕ ಕಣಗಳು ನಡೆದುಕೊಳ್ಳುವ ರೀತಿ. ನಿಯಮ ಇಷ್ಟೇ: ಎರಡು ಎಲೆಕ್ಟ್ರಾನ್‌ಗಳು ಒಂದೇ ಸ್ಥಿತಿಯಲ್ಲಿ ಇರುವಂತಿಲ್ಲ. ಒತ್ತಿ ಒತ್ತಿ ತುಂಬಿದರೆ ಕೆಳಗಿನ ಸ್ಥಿತಿಗಳು ಭರ್ತಿಯಾಗಿ, ಉಳಿದ ಎಲೆಕ್ಟ್ರಾನ್‌ಗಳು ಇನ್ನೂ ಹೆಚ್ಚು ವೇಗದ ಸ್ಥಿತಿಗೆ ಏರಲೇಬೇಕು. ಆ ವೇಗವೇ ಹೊರಕ್ಕೆ ಒತ್ತುತ್ತದೆ. ಇದಕ್ಕೆ ಬಿಸಿ ಬೇಡ. ನಕ್ಷತ್ರ ತಣ್ಣಗಾದರೂ ಈ ಒತ್ತಡ ಉಳಿಯುತ್ತದೆ. ನಮ್ಮ ಸೂರ್ಯ ಕೊನೆಗೆ ಹೀಗೆ ನಿಲ್ಲುತ್ತಾನೆ, ಭೂಮಿಯಷ್ಟು ಗಾತ್ರದ ಬಿಳಿ ಕುಬ್ಜನಾಗಿ.

ಈ ತಡೆಗೂ ಒಂದು ಮಿತಿ ಇದೆ ಅಂತ ತೋರಿಸಿದ್ದು ಸುಬ್ರಹ್ಮಣ್ಯನ್ ಚಂದ್ರಶೇಖರ್. 1930ರಲ್ಲಿ ಓದಲೆಂದು ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುವಾಗ, ಹತ್ತೊಂಬತ್ತರ ಹುಡುಗ ಲೆಕ್ಕ ಹಾಕುತ್ತಾ ಕೂತರು. ರಾಶಿ ಹೆಚ್ಚಾದಂತೆ ಎಲೆಕ್ಟ್ರಾನ್‌ಗಳ ವೇಗ ಬೆಳಕಿನ ವೇಗದ ಹತ್ತಿರ ಹೋಗುತ್ತದೆ. ಅದಕ್ಕಿಂತ ಮೇಲೆ ಹೋಗುವಂತಿಲ್ಲ. ಆದ್ದರಿಂದ ಸೂರ್ಯನ ಸುಮಾರು 1.4 ಪಟ್ಟು ದಾಟಿದರೆ ಎಲೆಕ್ಟ್ರಾನ್‌ಗಳ ಒತ್ತಡ ಸಾಲದು. 1935ರಲ್ಲಿ ಲಂಡನ್ನಿನ ಸಭೆಯಲ್ಲಿ ಆ ಕಾಲದ ದೊಡ್ಡ ವಿಜ್ಞಾನಿ ಆರ್ಥರ್ ಎಡಿಂಗ್ಟನ್ ಇದನ್ನು ಎಲ್ಲರೆದುರು ಗೇಲಿ ಮಾಡಿದರು. ಪ್ರಕೃತಿ ಹೀಗೆ ಅಸಂಬದ್ಧವಾಗಿ ನಡೆದುಕೊಳ್ಳಲು ಸಾಧ್ಯವಿಲ್ಲ ಅನ್ನುವುದು ಅವರ ವಾದ. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಚಂದ್ರಶೇಖರ್‌ಗೆ ನೊಬೆಲ್ ಬಂದದ್ದು 1983ರಲ್ಲಿ!

ಎಲೆಕ್ಟ್ರಾನ್ ಸೋತ ಮೇಲೆ ಅದು ಪ್ರೋಟಾನ್ ಜೊತೆ ಸೇರಿ ನ್ಯೂಟ್ರಾನ್ ಆಗುತ್ತದೆ. ನ್ಯೂಟ್ರಾನ್‌ಗಳಿಗೂ ಅದೇ ನಿಯಮ. ಜೊತೆಗೆ ತೀರಾ ಹತ್ತಿರ ಬಂದರೆ ಒಂದನ್ನೊಂದು ಬಲವಾಗಿ ತಳ್ಳುತ್ತವೆ. ಹಾಗೆ ನಿಂತದ್ದು ನ್ಯೂಟ್ರಾನ್ ನಕ್ಷತ್ರ. ಅದರ ಅಗಲ ಸುಮಾರು 20 ಕಿಲೋಮೀಟರ್, ಮೈಸೂರಿನಿಂದ ಕೆಆರ್‌ಎಸ್‌ಗೆ ಹೋದಷ್ಟು. ಆ ಕೆಆರ್‌ಎಸ್ 124.80 ಅಡಿ ತುಂಬಿ ನಿಂತಾಗ ಇರುವ ನೀರು 49.45 ಟಿಎಂಸಿ, ತೂಕ ಸುಮಾರು 140 ಕೋಟಿ ಟನ್. ನ್ಯೂಟ್ರಾನ್ ನಕ್ಷತ್ರದ ವಸ್ತು ಒಂದು ಟೀ ಚಮಚದಷ್ಟಿದ್ದರೆ ಅದರ ತೂಕವೂ ಹೆಚ್ಚುಕಡಿಮೆ ಇಷ್ಟೇ ಆಗುತ್ತದೆ.

ಇದಕ್ಕೂ ಮಿತಿ ಇದೆ, ಸೂರ್ಯನ ಎರಡು ಚಿಲ್ಲರೆ ಪಟ್ಟು. ಅದನ್ನೂ ದಾಟಿದ ತಿರುಳನ್ನು ಹಿಡಿದು ನಿಲ್ಲಿಸುವ ಯಾವ ಬಲವೂ ಭೌತಶಾಸ್ತ್ರಕ್ಕೆ ಗೊತ್ತಿಲ್ಲ.

ದಾಟಿದರೆ ವಾಪಸ್ಸಿಲ್ಲ

ಒಂದಿಷ್ಟು ರಾಶಿಯನ್ನು ಎಷ್ಟು ಚಿಕ್ಕ ಜಾಗಕ್ಕೆ ಒತ್ತಿದರೆ ಬೆಳಕೂ ತಪ್ಪಿಸಿಕೊಳ್ಳಲಾರದು ಅನ್ನುವುದಕ್ಕೆ ಒಂದು ಅಳತೆ ಇದೆ. ಐನ್‌ಸ್ಟೈನ್ ಸಮೀಕರಣಗಳಿಂದ ಅದರ ಬೀಜವನ್ನು ತೆಗೆದದ್ದು ಜರ್ಮನಿಯ ಕಾರ್ಲ್ ಶ್ವಾರ್ಜ್‌ಶೀಲ್ಡ್. ಪ್ರಕಟವಾದದ್ದು 1916ರಲ್ಲಿ, ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ ವರ್ಷವೇ. ಸೂರ್ಯನನ್ನು 3 ಕಿಲೋಮೀಟರ್ ತ್ರಿಜ್ಯಕ್ಕೆ ಒತ್ತಿದರೆ ಕಪ್ಪುಕುಳಿ. ಭೂಮಿಯನ್ನಾದರೆ 9 ಮಿಲಿಮೀಟರ್‌ಗೆ ಒತ್ತಬೇಕು. ಆ ಗಡಿಯನ್ನು ದಿಗಂತ ಅನ್ನುತ್ತಾರೆ. ಅದು ಗೋಡೆ ಅಲ್ಲ, ಮುಟ್ಟಲು ಅಲ್ಲಿ ಏನೂ ಇಲ್ಲ. ದಾಟಿದರೆ ವಾಪಸ್ ಬರಲಾಗದ ಜಾಗ, ಅಷ್ಟೇ. ಸುದ್ದಿಯಲ್ಲಿ ಬಂದ “ಮೇಲ್ಮೈ” ಈ ದಿಗಂತದ್ದೇ.

ನಿಜವಾದ ನಕ್ಷತ್ರ ಹೀಗೆ ಕುಸಿಯಬಹುದು ಅಂತ ಲೆಕ್ಕ ಮಾಡಿ ತೋರಿಸಿದ್ದು 1939ರಲ್ಲಿ, ರಾಬರ್ಟ್ ಓಪನ್‌ಹೈಮರ್ ಮತ್ತು ಅವರ ಶಿಷ್ಯ ಹಾರ್ಟ್‌ಲ್ಯಾಂಡ್ ಸ್ನೈಡರ್. ಅದರಲ್ಲೊಂದು ವಿಚಿತ್ರ ಇತ್ತು. ದೂರದಿಂದ ನೋಡುವವರಿಗೆ ನಕ್ಷತ್ರದ ಮೇಲ್ಮೈ ದಿಗಂತದ ಹತ್ತಿರ ಬರುತ್ತಾ ನಿಧಾನವಾಗಿ, ಕೆಂಪಾಗಿ, ಮಂಕಾಗಿ, ಅಲ್ಲೇ ನಿಂತಂತೆ ಕಾಣುತ್ತದೆ. ಅದೇ ಮೇಲ್ಮೈ ಮೇಲೆ ಕೂತು ಬೀಳುವವರಿಗೆ ದಿಗಂತ ದಾಟಿದ್ದು ಗೊತ್ತೂ ಆಗುವುದಿಲ್ಲ. ಇಬ್ಬರದೂ ಸರಿ. ಗುರುತ್ವ ಜೋರಾದ ಕಡೆ ಕಾಲವೇ ನಿಧಾನ.

ಒಳಗೆ ಏನಾಗುತ್ತದೆ? ಕೋಲ್ಕತ್ತದ ಅಮಲ್ ಕುಮಾರ್ ರಾಯಚೌಧುರಿ 1955ರಲ್ಲಿ ಕೊಟ್ಟ ಸಮೀಕರಣ, ಗುರುತ್ವವು ಕಣಗಳ, ಬೆಳಕಿನ ದಾರಿಗಳನ್ನು ಹೇಗೆ ಒಂದೆಡೆ ಕೂಡಿಸುತ್ತದೆ ಅಂತ ಹೇಳಿತು. 1965ರಲ್ಲಿ ರೋಜರ್ ಪೆನ್‌ರೋಸ್, ಇಷ್ಟು ಒತ್ತಿದ ಮೇಲೆ ಲೆಕ್ಕವೇ ಮುರಿದುಬೀಳುವ ಜಾಗವೊಂದು ಬಂದೇ ತೀರುತ್ತದೆ ಅಂತ ಸಾಧಿಸಿದರು. ಅದಕ್ಕೆ 2020ರಲ್ಲಿ ನೊಬೆಲ್ ಬಂತು. ಆ ಜಾಗದಲ್ಲಿ ನಿಜವಾಗಿ ಏನಿದೆ ಅಂತ ಹೇಳಲು ಗುರುತ್ವವನ್ನೂ ಕ್ವಾಂಟಂ ನಿಯಮಗಳನ್ನೂ ಕೂಡಿಸಿದ ಸಿದ್ಧಾಂತ ಬೇಕು. ಅದು ಇನ್ನೂ ಯಾರ ಕೈಯಲ್ಲೂ ಇಲ್ಲ.

ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ಬಿಡಿಸಿಬಿಡೋಣ. ಕಪ್ಪುಕುಳಿ ಸುತ್ತಲಿನದನ್ನೆಲ್ಲ ಹೀರಿಕೊಳ್ಳುವ ರಾಕ್ಷಸ ಏನಲ್ಲ. ಸೂರ್ಯನ ಜಾಗದಲ್ಲಿ ಅಷ್ಟೇ ರಾಶಿಯ ಕಪ್ಪುಕುಳಿ ಇಟ್ಟರೆ ನಮಗೆ ಕತ್ತಲೆ, ಚಳಿ ಆಗುತ್ತದೆ. ಆದರೆ ಭೂಮಿ ಇದೇ ದಾರಿಯಲ್ಲಿ ಸುತ್ತುತ್ತಲೇ ಇರುತ್ತದೆ.

ತಟ್ಟಿ ನೋಡಿದವರು ವಿಶ್ವೇಶ್ವರ

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಸಂತೆಯಲ್ಲಿ ಮಣ್ಣಿನ ಮಡಕೆ ಕೊಳ್ಳುವವರು ಏನು ಮಾಡುತ್ತಾರೆ? ಎತ್ತಿ ಹಿಡಿದು ಬೆರಳಿನ ಗೆಣ್ಣಿನಿಂದ ತಟ್ಟುತ್ತಾರೆ. ಟಣ್ ಅಂದರೆ ಗಟ್ಟಿ. ಬಡ್ ಅಂದರೆ ಎಲ್ಲೋ ಬಿರುಕು. ಮೆಲ್ಲಗೆ ತಟ್ಟಲಿ, ಜೋರಾಗಿ ತಟ್ಟಲಿ, ಮಡಕೆಯ ಸ್ವರ ಬದಲಾಗುವುದಿಲ್ಲ. ಅದು ಮಡಕೆಯ ಗಾತ್ರ, ದಪ್ಪ, ಬೇಯಿಸಿದ ಹದವನ್ನು ಹೇಳುತ್ತದೆಯೇ ಹೊರತು ತಟ್ಟಿದವರ ಕೈಯನ್ನಲ್ಲ.

ಸಿ.ವಿ. ವಿಶ್ವೇಶ್ವರ ಕಪ್ಪುಕುಳಿಗೆ ಮಾಡಿದ್ದು ಇದನ್ನೇ. 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಮೈಸೂರು ವಿಶ್ವವಿದ್ಯಾಲಯದಿಂದ ಬಿಎಸ್‌ಸಿ ಆನರ್ಸ್, ಎಂಎಸ್‌ಸಿ. ಆಗ ಬೆಂಗಳೂರಿನ ಕಾಲೇಜುಗಳೂ ಇದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಮುಂದೆ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಚಾರ್ಲ್ಸ್ ಮಿಸ್ನರ್ ಬಳಿ ಸಂಶೋಧನೆ. ಕಪ್ಪುಕುಳಿಯನ್ನು ಅಲುಗಿಸಿದರೆ ಅದು ಒಡೆದುಹೋಗದೆ ಸ್ಥಿರವಾಗಿ ಉಳಿಯುತ್ತದಾ ಅನ್ನುವುದು ಅವರ ಮೊದಲ ಪ್ರಶ್ನೆ. ಉಳಿಯುತ್ತದೆ ಅಂತ ಗೊತ್ತಾಯಿತು. ಆಮೇಲೆ ಕಂಪ್ಯೂಟರಿನಲ್ಲಿ ಕಪ್ಪುಕುಳಿಯ ಕಡೆಗೆ ಗುರುತ್ವದ ಅಲೆಯ (ಜಾಗವನ್ನೇ ಹಿಗ್ಗಿಸಿ ಕುಗ್ಗಿಸುತ್ತಾ ಸಾಗುವ ಅಲೆ) ಪುಟ್ಟ ಹೊಡೆತಗಳನ್ನು ಬಿಟ್ಟು ನೋಡಿದರು. ಹೊಡೆತ ಅಗಲವಾಗಿದ್ದಾಗ ವಿಶೇಷ ಏನೂ ಕಾಣಲಿಲ್ಲ. ಕಪ್ಪುಕುಳಿಯ ಅಳತೆಗೆ ತಕ್ಕಷ್ಟು ಕಿರಿದು ಮಾಡಿದಾಗ ಕಪ್ಪುಕುಳಿ ದನಿ ಕೊಟ್ಟಿತು. ಒಂದು ನಿಶ್ಚಿತ ಸ್ವರದಲ್ಲಿ ಕಂಪಿಸಿ ಬೇಗನೆ ಅಡಗಿತು. ಸ್ವರ ಎಷ್ಟು, ಎಷ್ಟು ಬೇಗ ಅಡಗುತ್ತದೆ ಅನ್ನುವುದು ಕಪ್ಪುಕುಳಿಯ ಗುಣಕ್ಕೆ ಸೇರಿದ್ದು, ಹೊಡೆತದ್ದಲ್ಲ. 1970ರಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಬಂತು. ಆಗ ಕಪ್ಪುಕುಳಿಗಳು ಇವೆಯೇ ಅನ್ನುವುದೇ ಇತ್ಯರ್ಥ ಆಗಿರಲಿಲ್ಲ.

ನಮ್ಮಲ್ಲಿ ಬಹಳ ಜನಕ್ಕೆ ಅವರು ಗೊತ್ತಿರುವುದು ಬೆಂಗಳೂರಿನ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದ ನಿರ್ದೇಶಕರಾಗಿ. ಲೆಕ್ಕ ಪ್ರಕಟವಾಗಿ 45 ವರ್ಷದ ಮೇಲೆ, 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳು ಮೊದಲ ಸಲ ಗುರುತ್ವದ ಅಲೆಯನ್ನು ಹಿಡಿದವು. ಕೊನೆಯಲ್ಲಿ ಸೆಕೆಂಡಿಗೆ ಸುಮಾರು 250 ಸಲ ಕಂಪಿಸಿ ಅಡಗುವ ದನಿಯ ಸುಳಿವೂ ಅದರಲ್ಲಿತ್ತು. 2016ರ ಫೆಬ್ರವರಿಯಲ್ಲಿ ಅದನ್ನು ಜಗತ್ತಿಗೆ ಹೇಳಿದಾಗ ವಿಶ್ವೇಶ್ವರ ಇದ್ದರು. 2017ರ ಜನವರಿಯಲ್ಲಿ ತೀರಿಕೊಂಡರು.

ಲೈಗೋ ಅಳೆಯುವುದು ಜಾಗದ ಹಿಗ್ಗು ಕುಗ್ಗನ್ನು. 4 ಕಿಲೋಮೀಟರ್ ಉದ್ದದ ಎರಡು ಕೊಳವೆಗಳಲ್ಲಿ ಲೇಸರ್ ಓಡಿಸಿ, ಪ್ರೋಟಾನಿನ ಅಗಲದ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ವ್ಯತ್ಯಾಸವನ್ನು ಗುರುತಿಸುತ್ತದೆ. ಆರಂಭದಲ್ಲಿ ಹೇಳಿದ ಸುದ್ದಿಯ ಅಲೆ ಸಿಕ್ಕಿದ್ದು 2025ರ ಜನವರಿ 14ರಂದು. ಅದು ಮೊದಲನೆಯದಕ್ಕಿಂತ ಸುಮಾರು ಮೂರು ಪಟ್ಟು ಸ್ಪಷ್ಟವಾಗಿತ್ತು. ಸೇರುವ ಮುಂಚಿನ ಅಲೆಯಿಂದ ಎರಡು ಕಪ್ಪುಕುಳಿಗಳ ರಾಶಿ, ಗಿರಕಿ ಸಿಕ್ಕವು. ಸೇರಿದ ಮೇಲೆ ಅಡಗುತ್ತಾ ಹೋದ ದನಿಯಲ್ಲಿ ಒಂದಲ್ಲ, ಎರಡು ಸ್ವರ ಬಿಡಿಸಿ ಕೇಳಿಸಿದವು. ಅವುಗಳಿಂದ ಹೊಸ ಕಪ್ಪುಕುಳಿಯ ರಾಶಿ, ಗಿರಕಿ ಸಿಕ್ಕವು. ಈ ಎರಡು ಗೊತ್ತಾದರೆ ದಿಗಂತದ ಮೇಲ್ಮೈ ಸುಮ್ನೆ ಒಂದು ಸೂತ್ರದ ಲೆಕ್ಕ. ಅಳತೆ ಬಂದದ್ದು ಹೀಗೆ.

ರಾಶಿ ಇಳಿದರೂ ಮೇಲ್ಮೈ ಏರಿತು

ಸೇರುವ ಮೊದಲು ಒಂದರ ರಾಶಿ ಸೂರ್ಯನ ಸುಮಾರು 34 ಪಟ್ಟು, ಇನ್ನೊಂದರದು 32. ಸೇರಿದ ಮೇಲೆ 66 ಆಗಬೇಕಿತ್ತು ಅಲ್ವಾ? ಉಳಿದದ್ದು ಸುಮಾರು 63. ಮೂರು ಸೂರ್ಯರಷ್ಟು ರಾಶಿ ಅಲೆಯಾಗಿ ಹರಿದುಹೋಯಿತು. ರಾಶಿ ಕಡಿಮೆಯಾದರೂ ಮೇಲ್ಮೈ ಹೆಚ್ಚಿತು, ಯಾಕೆಂದರೆ ರಾಶಿ ಎರಡು ಪಟ್ಟಾದರೆ ಮೇಲ್ಮೈ ನಾಲ್ಕು ಪಟ್ಟಾಗುತ್ತದೆ. ಕಪ್ಪುಕುಳಿಗಳ ಒಟ್ಟು ಮೇಲ್ಮೈ ಎಂದೂ ಇಳಿಯದು ಅಂತ 1971ರಲ್ಲಿ ಸ್ಟೀಫನ್ ಹಾಕಿಂಗ್ ಹೇಳಿದ್ದರು. 2025ರ ಸುದ್ದಿಯ ತಿರುಳು ಅದೇ: ಆ ಮಾತು ಇಷ್ಟು ಸ್ಪಷ್ಟವಾಗಿ ಹಿಂದೆಂದೂ ಪರೀಕ್ಷೆಯಲ್ಲಿ ಪಾಸಾಗಿರಲಿಲ್ಲ.

ಎಂದೂ ಇಳಿಯದ ಇನ್ನೊಂದು ಸಂಗತಿ ಭೌತಶಾಸ್ತ್ರದಲ್ಲಿ ಮೊದಲೇ ಇತ್ತು. ಅದರ ಹೆಸರು ಎಂಟ್ರೊಪಿ. ಸಿಲಿಂಡರಿನಲ್ಲಿ ಅನಿಲ ಇದೆ ಅನ್ನಿ. ಹೊರಗಿನಿಂದ ಕಾಣುವುದು ಅದರ ಒತ್ತಡ, ಬಿಸಿ ಮಾತ್ರ. ಒಳಗಿನ ಅಣುಗಳು ಎಣಿಸಲಾಗದಷ್ಟು ರೀತಿಯಲ್ಲಿ ಜೋಡಣೆಯಾಗಿದ್ದರೂ ಹೊರಗೆ ಒಂದೇ ಥರ ಕಾಣುತ್ತದೆ. ಹಾಗೆ ಒಳಗೆ ಎಷ್ಟು ರೀತಿ ಅಡಗಿವೆ ಅನ್ನುವುದರ ಅಳತೆಯೇ ಎಂಟ್ರೊಪಿ. ಆ ಸಿಲಿಂಡರನ್ನು ಕಪ್ಪುಕುಳಿಗೆ ಎಸೆದರೆ ಅದರ ಎಂಟ್ರೊಪಿ ಎಲ್ಲಿ ಹೋಯಿತು? ಪ್ರಿನ್ಸ್‌ಟನ್‌ನ ವಿದ್ಯಾರ್ಥಿ ಜೇಕಬ್ ಬೆಕೆನ್‌ಸ್ಟೈನ್ 1972ರ ಹೊತ್ತಿಗೆ ಧೈರ್ಯವಾಗಿ ಹೇಳಿದರು: ಎಲ್ಲೂ ಹೋಗಿಲ್ಲ, ಕಪ್ಪುಕುಳಿಗೇ ಎಂಟ್ರೊಪಿ ಇದೆ, ಅದರ ಮೇಲ್ಮೈಯೇ ಆ ಎಂಟ್ರೊಪಿಯ ಅಳತೆ.

ಈ ಲೆಕ್ಕ ದಂಗುಬಡಿಸುವಂಥದ್ದು. ಸೂರ್ಯನ ಎಂಟ್ರೊಪಿಯನ್ನು ಬರೆಯಲು 1ರ ಮುಂದೆ ಸುಮಾರು 58 ಸೊನ್ನೆ ಸಾಕು. ಅಷ್ಟೇ ರಾಶಿಯ ಕಪ್ಪುಕುಳಿಗೆ 77 ಸೊನ್ನೆ ಬೇಕು. ಇನ್ನೂ ವಿಚಿತ್ರ ಅಂದರೆ, ಅದು ಒಳಗಿನ ಜಾಗಕ್ಕೆ ತಕ್ಕಂತೆ ಹೆಚ್ಚುವುದಿಲ್ಲ, ಮೇಲಿನ ಮೈಗೆ ತಕ್ಕಂತೆ ಹೆಚ್ಚುತ್ತದೆ. ಒಳಗೆ ಬಿದ್ದದ್ದರ ಲೆಕ್ಕವೆಲ್ಲ ದಿಗಂತದ ಮೇಲೇ ಬರೆದಿದೆಯಾ ಅನ್ನುವ ಅನುಮಾನ ಶುರುವಾದದ್ದು ಇಲ್ಲಿಂದ. ಆ ಅನುಮಾನವೇ ಇಂದು ಕ್ವಾಂಟಂ ಗುರುತ್ವದ ಅರ್ಧ ಸಂಶೋಧನೆಯನ್ನು ಓಡಿಸುತ್ತಿದೆ ಅಂತ ನನಗನಿಸುತ್ತದೆ.

ಪೂರ್ತಿ ಕಪ್ಪೂ ಅಲ್ಲ

ಎಂಟ್ರೊಪಿ ಇದ್ದರೆ ಬಿಸಿ ಇರಬೇಕು. ಬಿಸಿ ಇದ್ದರೆ ಅದು ಹೊರಕ್ಕೆ ಹೊಮ್ಮಬೇಕು. ಕಪ್ಪುಕುಳಿಯಿಂದ ಏನೂ ಹೊರಬರದು ಅಂದಮೇಲೆ ಬೆಕೆನ್‌ಸ್ಟೈನ್ ಹೇಳುವುದು ತಪ್ಪಿರಬೇಕು ಅಂತ ಹಾಕಿಂಗ್ ಮೊದಲು ಎಣಿಸಿದ್ದರು. 1974ರಲ್ಲಿ ದಿಗಂತದ ಹತ್ತಿರ ಕ್ವಾಂಟಂ ನಿಯಮ ಹಾಕಿ ನೋಡಿದಾಗ ಅವರಿಗೇ ಉಲ್ಟಾ ಉತ್ತರ ಬಂತು. ಕಪ್ಪುಕುಳಿಯಿಂದ ಸಣ್ಣಗೆ ಬಿಸಿ ಹೊಮ್ಮುತ್ತದೆ.

ಇದನ್ನು ವಿವರಿಸಲು ಒಂದು ಕಥೆ ಚಾಲ್ತಿಯಲ್ಲಿದೆ: ಶೂನ್ಯದಲ್ಲಿ ಜೋಡಿ ಕಣಗಳು ಹುಟ್ಟುತ್ತವೆ, ಒಂದು ಒಳಗೆ ಬೀಳುತ್ತದೆ, ಇನ್ನೊಂದು ತಪ್ಪಿಸಿಕೊಳ್ಳುತ್ತದೆ. ನೆನಪಿಡಲು ಒಳ್ಳೆಯದು, ಆದರೆ ಅದಕ್ಕೇ ಜೋತುಬೀಳಬೇಡಿ. ನಿಜವಾದ ಲೆಕ್ಕ ಹೇಳುವುದು ಇದು: ಕ್ವಾಂಟಂ ಲೋಕದಲ್ಲಿ ಶೂನ್ಯ ಅಂದರೂ ಪೂರ್ತಿ ಸುಮ್ಮನಿರುವುದಿಲ್ಲ, ಅಲ್ಲಿ ಸದಾ ಸಣ್ಣ ಅಲುಗಾಟ ಇರುತ್ತದೆ. ನಕ್ಷತ್ರ ಕುಸಿದು ದಿಗಂತ ಆಗುವಾಗ ಆ ಅಲುಗಾಟ ಹಿಂಜಿಹೋಗುತ್ತದೆ. ಮೊದಲು ಶೂನ್ಯ ಅನಿಸಿದ್ದು, ಕುಸಿದ ಮೇಲೆ ದೂರದಲ್ಲಿರುವವರಿಗೆ ಬಿಸಿಯ ಕಿರಣವಾಗಿ ಕಾಣುತ್ತದೆ.

ಆದರೆ ಆ ಬಿಸಿ ಎಷ್ಟು? ಸೂರ್ಯನಷ್ಟು ರಾಶಿಯ ಕಪ್ಪುಕುಳಿಗೆ, ಅತಿ ತಣ್ಣನೆಯ ಸೊನ್ನೆಯಿಂದ ಒಂದು ಡಿಗ್ರಿಯ 1.6 ಕೋಟಿಯಲ್ಲೊಂದು ಪಾಲು ಮಾತ್ರ ಮೇಲೆ. ಖಾಲಿ ಆಕಾಶವೇ ಸೊನ್ನೆಗಿಂತ 2.7 ಡಿಗ್ರಿ ಮೇಲಿದೆ. ಹಾಗಾಗಿ ಇಂಥ ಕಪ್ಪುಕುಳಿ ಇವತ್ತು ಕಳೆದುಕೊಳ್ಳುವುದಕ್ಕಿಂತ ಆಕಾಶದಿಂದ ಪಡೆಯುವುದೇ ಜಾಸ್ತಿ. ಆಕಾಶ ತಣ್ಣಗಾಗಿ ಅದು ಪೂರ್ತಿ ಆವಿಯಾಗಲು 1ರ ಮುಂದೆ 67 ಸೊನ್ನೆಯಷ್ಟು ವರ್ಷ ಬೇಕು. ವಿಶ್ವದ ವಯಸ್ಸು ಈಗ ಸುಮಾರು 1,380 ಕೋಟಿ ವರ್ಷ. ಕಪ್ಪುಕುಳಿ ಚಿಕ್ಕದಾದಷ್ಟೂ ಬಿಸಿ ಜಾಸ್ತಿ. ಆದ್ದರಿಂದ ಕೊನೆಯ ಗಳಿಗೆಯಲ್ಲಿ ಅದು ಸಿಡಿದಂತೆ ಹೋಗುತ್ತದೆ. ಆಕಾಶದ ಯಾವ ಕಪ್ಪುಕುಳಿಯಿಂದಲೂ ಈ ಕಿರಣವನ್ನು ಇದುವರೆಗೆ ಯಾರೂ ಹಿಡಿದಿಲ್ಲ.

ಹಾಗಾದರೆ ಮೇಲ್ಮೈ ಇಳಿಯಬಾರದು ಅನ್ನುವ ನಿಯಮ? ಕ್ವಾಂಟಂ ಸೇರಿಸಿದರೆ ಅದು ಇಳಿಯಬಹುದು. ಆಗ ಹೊರಬಿದ್ದ ಕಿರಣದ ಎಂಟ್ರೊಪಿಯನ್ನೂ ಕೂಡಿಸಿ ನೋಡಬೇಕು, ಒಟ್ಟು ಮೊತ್ತ ಇಳಿಯದು. ಲೈಗೋ ನೋಡಿದ ಸೆಕೆಂಡಿನ ಚೂರಿನಲ್ಲಿ ಆ ಇಳಿಕೆ ಲೆಕ್ಕಕ್ಕೇ ಬರುವುದಿಲ್ಲ.

ಒಳಗೆ ಬಿದ್ದದ್ದರ ಗುರುತು

ಉಳಿದಿರುವುದು ಒಂದು ತಕರಾರು. ಹಾಕಿಂಗ್ ಲೆಕ್ಕದ ಪ್ರಕಾರ ಹೊಮ್ಮುವ ಕಿರಣದಲ್ಲಿ ಒಳಗೆ ಏನು ಬಿದ್ದಿತ್ತು ಅನ್ನುವ ಸುಳಿವೇ ಇಲ್ಲ. ಆರಿದ್ರಾದಂಥ ನಕ್ಷತ್ರ ಬೀಳಲಿ, ಅಷ್ಟೇ ರಾಶಿಯ ಕಲ್ಲು ಬೀಳಲಿ, ಕಿರಣ ಒಂದೇ. ಕಪ್ಪುಕುಳಿ ಪೂರ್ತಿ ಆವಿಯಾದರೆ ಒಳಗಿದ್ದದ್ದರ ಗುರುತು ಶಾಶ್ವತವಾಗಿ ಅಳಿಸಿಹೋಯಿತು. ಕ್ವಾಂಟಂ ನಿಯಮ ಇದನ್ನು ಒಪ್ಪುವುದಿಲ್ಲ. ಅದರ ಪ್ರಕಾರ ಇಂದಿನ ಸ್ಥಿತಿ ಪೂರ್ತಿ ಗೊತ್ತಿದ್ದರೆ ನಿನ್ನೆಯದನ್ನು ಹಿಂದಕ್ಕೆ ಲೆಕ್ಕ ಹಾಕಲು ಆಗಲೇಬೇಕು.

1976ರಲ್ಲಿ ಹಾಕಿಂಗ್ ಗುರುತು ಅಳಿಯುತ್ತದೆ ಅಂದರು. ಅಳಿಯುವುದಿಲ್ಲ ಅಂತ ಮುಂದೆ ಭೌತವಿಜ್ಞಾನಿ ಜಾನ್ ಪ್ರೆಸ್ಕಿಲ್, ಹಾಕಿಂಗ್ ಜೊತೆ ಬಾಜಿ ಕಟ್ಟಿದರು. 2004ರಲ್ಲಿ ಹಾಕಿಂಗ್ ಸೋಲೊಪ್ಪಿಕೊಂಡು ಬೇಸ್‌ಬಾಲ್ ಆಟದ ವಿಶ್ವಕೋಶವನ್ನು ಕೊಟ್ಟರು. ಆದರೆ ಬಾಜಿ ಮುಗಿಯಿತು ಅಂತ ಪ್ರಶ್ನೆ ಮುಗಿಯಲಿಲ್ಲ. ಗುರುತು ಹೊರಬರುವುದೇ ಆದರೆ ಕಿರಣದ ಎಂಟ್ರೊಪಿ ಮೊದಲು ಏರಿ, ಹೆಚ್ಚುಕಡಿಮೆ ಅರ್ಧ ದಾರಿಯಿಂದ ಇಳಿಯಬೇಕು ಅಂತ 1993ರಲ್ಲಿ ಡಾನ್ ಪೇಜ್ ತೋರಿಸಿದರು. 2019ರಲ್ಲಿ ಹಲವರ ಹೊಸ ಲೆಕ್ಕಗಳಲ್ಲಿ, ಕಪ್ಪುಕುಳಿಯ ಕೆಲವು ಸರಳ ಮಾದರಿಗಳಿಗೆ, ಅದೇ ಏರಿ ಇಳಿಯುವ ಗೆರೆ ನಿಜಕ್ಕೂ ಬಂತು. ಅಂದರೆ ಗುರುತು ಉಳಿಯುವ ಕಡೆಗೇ ತಕ್ಕಡಿ ವಾಲಿದೆ. ಆದರೆ ಈ ಲೆಕ್ಕ ಹೇಳುವುದು ಎಂಟ್ರೊಪಿಯ ಮೊತ್ತವನ್ನು ಮಾತ್ರ. ಒಳಗೆ ಬಿದ್ದ ಒಂದೊಂದು ಕಣದ ಗುರುತೂ ಯಾವ ಬಗೆಯಲ್ಲಿ ಕಿರಣಕ್ಕೆ ದಾಟುತ್ತದೆ ಅನ್ನುವುದನ್ನು ಅದು ಬಿಡಿಸಿ ಹೇಳುವುದಿಲ್ಲ. ಈಗ ನಡೆಯುತ್ತಿರುವ ಕೆಲಸ ಅದರ ಮೇಲೆ.